ಮುಯ್ಯಾಳಿಗೆ ಹೋದ ಕಂಪ್ಯೂಟರ್

ಕಳೆದ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರಿನ ಎದುರು ನಿಂತಿದ್ದೆ. ಗುಂಡಿ ಒತ್ತಿದೆ. ಫ್ಯಾನು ಒಂದು ನಿಮಿಷ ತಿರುಗಿ ನಿಂತಿತು. ಅಷ್ಟರಲ್ಲೇ ಕಾದ ಧೂಳಿನ ವಾಸನೆ ಬಂತು. ನಾನು ಕುರ್ಚಿ ಹಿಡಿದುಕೊಂಡೆ. ವಾಸನೆಗೆ ಅಂಜುವ ವಯಸ್ಸಲ್ಲ ನನ್ನದು, ಆದರೂ ಹಿಡಿದುಕೊಂಡೆ.

ವೈನಿ ಇದ್ದಾಗ ಒಂದು ತಿಂಗಳು ಇದೇ ವಾಸನೆ ಮನೆಯಲ್ಲಿತ್ತು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಹಮ್ಮಿಗಿಯ ಒಕ್ಕಲುತನದ ಮನೆಯವರು. ಅವರಿಗೆ ಕೈ ನಡುಗುವ ರೋಗ ಹತ್ತಿತ್ತು. ರೊಟ್ಟಿ ಬಡಿಯುವುದು ಮೊದಲು ನಿಂತಿತು, ಆಮೇಲೆ ರಂಗೋಲಿ. ಗುಳಿಗೆ ನಡುಕವನ್ನು ತುಸು ತಗ್ಗಿಸುತ್ತಿತ್ತೇ ಹೊರತು ರೋಗ ಬಿಡಿಸುವ ಔಷಧ ಇನ್ನೂ ಹುಟ್ಟಿಲ್ಲವೆಂದು ಡಾಕ್ಟರು ಹೇಳಿದ್ದರು.

ಆ ದಿನಗಳಲ್ಲೇ ಒಂದು ಯೋಜನೆಯ ಸುದ್ದಿ ಓದಿದೆ. ಇಂಥ ರೋಗಗಳಲ್ಲಿ ದೇಹದ ಪ್ರೋಟೀನುಗಳು ಹೇಗೆ ತಪ್ಪಾಗಿ ಮಡಚಿಕೊಳ್ಳುತ್ತವೆ ಎಂಬ ಲೆಕ್ಕ ಬಹಳ ದೊಡ್ಡದು. ಅದನ್ನು ಚೂರು ಚೂರು ಮಾಡಿ ಸಾವಿರಾರು ಮನೆಗಳ ಕಂಪ್ಯೂಟರುಗಳಿಗೆ ಹಂಚುತ್ತಾರೆ. ಸುಮ್ಮನೆ ಕುಳಿತ ಯಂತ್ರ ತನ್ನ ಪಾಲನ್ನು ಮಾಡಿ ಕಳಿಸುತ್ತದೆ. ನಾನು ಇದನ್ನು ಅರ್ಧ ತಾಸು ವಿವರಿಸಿದೆ. ವೈನಿ ಒಂದೇ ಶಬ್ದದಲ್ಲಿ ಮುಗಿಸಿದರು.

“ಅಂದ್ರ ಮುಯ್ಯಾಳು ಅನ್ನು.”

ನಿಮಗೆ ಗೊತ್ತಿರಬಹುದು: ಇವತ್ತು ನಮ್ಮ ಹೊಲದ ಕಸ ಕೀಳಲು ನೀವು ಬರುತ್ತೀರಿ, ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿಯ ಮಾತಿಲ್ಲ. ಅದೇ ಮುಯ್ಯಾಳು.

ಅಂದಿನಿಂದ ನಾನು ಮುಂಡರಗಿಯ ಕಚೇರಿಗೆ ಬಸ್ಸು ಹಿಡಿಯುವ ಮುಂಚೆ ಅವರದು ಒಂದೇ ಪ್ರಶ್ನೆ: “ಎಷ್ಟ ಸಾಲು ಆತೋ ತಮ್ಮಾ?”

ಲೆಕ್ಕದ ಒಂದು ಚೂರು ಅವರ ಬಾಯಲ್ಲಿ ಹೊಲದ ಒಂದು ಸಾಲು. ದಿನಕ್ಕೆ ಮೂರು ಆಗುತ್ತಿದ್ದವು. ಮೂರು ಎಂದು ಹೇಳಿ ಹೇಳಿ ನನಗೇ ಬೇಸರ ಬಂತು. ಗುಮಾಸ್ತನ ಬುದ್ಧಿ ನೋಡಿ, ಅಂಕಿ ಏರದಿದ್ದರೆ ಕೆಲಸವೇ ನಡೆದಿಲ್ಲ ಎನಿಸುತ್ತದೆ. ಕಂಪ್ಯೂಟರಿನ ಚಿಪ್‌ಗೆ ಅದನ್ನು ತಯಾರಿಸಿದವರು ಒಂದು ವೇಗ ಗೊತ್ತುಮಾಡಿರುತ್ತಾರೆ. ಸೆಟ್ಟಿಂಗು ಬದಲಿಸಿದರೆ ಅದನ್ನು ಮೀರಿಸಬಹುದು. ಮೀರಿಸಿದೆ. ಕಾವು ತಾಳಲೆಂದು ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದೆ. ಮೂರು ಇದ್ದದ್ದು ನಾಲ್ಕಾಯಿತು, ಐದಾಯಿತು. ವೈನಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. “ನಮ್ಮ ಎತ್ತು ಐದ ಸಾಲು ಹೊಡೀತೈತ್ರಿ ಈಗ.”

ದೀಪಾವಳಿ ರಜೆಗೆ ಅವರ ಮಗಳು ಸುಮಾ ಧಾರವಾಡದ ಕಾಲೇಜಿನಿಂದ ಬಂದಳು. ಮಧ್ಯಾಹ್ನ ಊಟವಾದ ಮೇಲೆ ಪರದೆಯ ಮುಂದೆ ಕುಳಿತು, ನಾನೆಂದೂ ತೆರೆಯದ ಒಂದು ಪುಟ ತೆರೆದಳು.

“ಕಾಕಾ, ತಿಂಗಳದಾಗ ಕಳಿಸಿದ್ದು ಬಹಳಷ್ಟು ತಿರಸ್ಕಾರ ಆಗ್ಯಾವಲ್ಲ.”

ನಾನು ಅವಳ ಎಡಕ್ಕೆ ನಿಂತಿದ್ದೆ. ವೈನಿ ಬಾಗಿಲಲ್ಲಿ, ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದರು. ಯೋಜನೆಯವರು ಒಂದೇ ಲೆಕ್ಕವನ್ನು ಎರಡು ಮನೆಗೆ ಕೊಟ್ಟು ತಾಳೆ ನೋಡುತ್ತಾರೆ. ನಮ್ಮ ಉತ್ತರ ತಾಳೆಯಾಗುತ್ತಿರಲಿಲ್ಲ. ಮಿತಿ ಮೀರಿ ಓಡಿಸಿದ ಯಂತ್ರ ನಿಲ್ಲದೆ ಓಡಿತ್ತು, ತಪ್ಪು ಮಾಡುತ್ತ ಓಡಿತ್ತು. ಅಷ್ಟನ್ನೂ ವೈನಿಗೆ ಹೇಳಿದೆ.

“ಮುಯ್ಯಾಳಿಗೆ ಹೋಗಿ ಕಸಾ ಬಿಟ್ಟು ಓಡಿ ಬಂದಿ ಅನ್ನು.”

“ಜಲ್ದಿ ಆಗ್ಲಿ ಅಂತ ಮಾಡಿದ್ನಿರಿ ವೈನಿ. ನಿಮ್ಮ ಸಲುವಾಗಿನ.”

“ಈಗ ಆ ಸಾಲು ಯಾರು ತಗೀತಾರ?”

“ಮತ್ತೊಬ್ಬರ ಮನೀ ಕಂಪ್ಯೂಟರ್ ಮತ್ತ ಮಾಡ್ತೈತ್ರಿ.”

ಅವರು ಬಟ್ಟಲನ್ನು ಕೆಳಗಿಟ್ಟರು. ಅರ್ಧ ಚಹಾ ತಟ್ಟೆಗೆ ಚೆಲ್ಲಿತು. “ಆ ಮನ್ಯಾಗೂ ನನ್ನಂಥಾಕಿ ಒಬ್ಬಾಕಿ ಕುಂತಿರ್ತಾಳಲ್ಲೋ. ಆಕಿ ಪಾಳಿ ಒಂದ ದಿನ ಹಿಂದ ಬಿತ್ತು.”

ಸಂಜೆಯೊಳಗೆ ವೇಗವನ್ನು ಮೊದಲಿನಂತೆ ಇಳಿಸಿದೆ, ಬ್ರಶ್ಶಿನಿಂದ ಧೂಳು ಝಾಡಿಸಿದೆ, ಬೇಡದ ಪ್ರೋಗ್ರಾಮುಗಳನ್ನು ತೆಗೆದೆ. ಆಮೇಲೆ ಕೆಲವು ದಿನ ಮೂರರ ಮೇಲೆ ಒಂದು ಚೂರು ಹೆಚ್ಚೇ ಆಗುತ್ತಿತ್ತು. ಅದು ನ್ಯಾಯದ ವೇಗ. ವೈನಿ ಮಾತ್ರ ಎಷ್ಟಾಯಿತೆಂದು ಮತ್ತೆ ಕೇಳಲಿಲ್ಲ. “ಹಸನ ಆತೇನು?” ಎಂದಷ್ಟೇ, ಅಂದರೆ ಕೆಲಸ ನೆಟ್ಟಗೆ ಆಯಿತೇ ಎಂದಷ್ಟೇ ಕೇಳುತ್ತಿದ್ದರು. ಔಷಧ ಬರುವ ಮೊದಲೇ ಅವರು ಹೋದರು. ಕೊನೆಯ ವಾರದಲ್ಲೂ ಅದನ್ನೇ ಕೇಳಿದರು.

ಇಷ್ಟನ್ನು ಬರೆದು ನಿನ್ನೆ ಸುಮಾಗೆ ಫೋನಿನಲ್ಲಿ ಓದಿ ಹೇಳಿದೆ.

“ಒಂದು ಬಿಟ್ಟೀರಿ ಕಾಕಾ. ಆ ತಿರಸ್ಕಾರ ನೋಡಿ ಮೊದಲ ನೀವು ‘ಲೆಕ್ಕಾ ಕೊಡೋ ಆ ಕಡೆಯವರದ ತಪ್ಪೈತಿ’ ಅಂದ್ರಿ. ಅವ್ವ ಅದನ್ನ ನಂಬಿ, ‘ಇರ್ಲಿ ಬಿಡು, ಅವರಿಗೂ ಕೆಲಸದ ತ್ರಾಸ ಇರ್ತೈತಿ’ ಅಂದ್ಲು. ಆಮ್ಯಾಲ ನೀವು ಖರೆ ಹೇಳಿದ್ರಿ.”

ಹೌದು, ಹಾಗೇ ಆಯಿತು. ನನಗೆ ನೆನಪಿರಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ, ನೆನಪಿತ್ತು. ಅಂದು ಆ ಕೋಣೆಯಲ್ಲಿ ಇದ್ದವರು ಮೂವರು. ವೈನಿ ಇಲ್ಲ. ನಾನಿದ್ದೇನೆ. ಸುಮಾ ಇದ್ದಾಳೆ, ಶಿರಹಟ್ಟಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ; ನಾನು ಹೇಳಿದ್ದು ತಾಳೆಯಾಗದಿದ್ದರೆ ಅವಳು ಹೇಳಿದ್ದೇ ಖರೆ.