ಮೊಳೆ ಹೊಡೆಯದ ಹಲಗೆ

ಮನೆಯ ನೆಲವನ್ನೆಲ್ಲ ಕಿತ್ತು ಕೆಂಪು ಸಿಮೆಂಟು ಹಾಕಿಸಬೇಕೆಂದು ನನ್ನ ಮಗಳು ಒಂದು ತಿಂಗಳಿಂದ ತಲೆ ತಿನ್ನುತ್ತಿದ್ದಾಳೆ. ಉದಕಮಂಡಲದಲ್ಲಿ ಈಗ ಯಾರ ಮನೆಗೆ ಹೋದರೂ ಕೆಂಪು ನೆಲವೇ, ಮುಖ ನೋಡಿಕೊಳ್ಳುವಷ್ಟು ಹೊಳಪು. ಹಾಕಿಸಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಒಳಕೋಣೆಯ ಹಲಗೆ ನೆಲ ಮಾತ್ರ ಮುಟ್ಟಬೇಡ ಎಂದಿದ್ದೇನೆ. ಯಾಕೆಂದು ಕೇಳಿದರೆ ಮುದುಕಿಯ ಹಟ ಎನ್ನುತ್ತೇನೆ. ನಿಜವಾದ ಕಾರಣ ಹೇಳಲು ಈ ವಯಸ್ಸಿನಲ್ಲೂ ನನಗೆ ಹೆದರಿಕೆ.

ಆ ಹಲಗೆ ಹಾಕಿಸಿದ್ದೂ ನನ್ನ ಹಟವೇ. ನಾವು ಗುಂಡ್ಲುಪೇಟೆ ಕಡೆಯವರು. ನನ್ನ ಗಂಡ ಇಲ್ಲಿ ಕಂಬಳಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆ ನಮ್ಮ ಬಾಡಿಗೆ ಮನೆ, ನೆಲಕ್ಕೆಲ್ಲ ಕಲ್ಲುಚಪ್ಪಡಿ. ಬಾಣಂತನಕ್ಕೆ ತವರಿಗೆ ಹೋಗೋಣವೆಂದರೆ ಊರಲ್ಲಿ ಪ್ಲೇಗು. ಅಪ್ಪ ಅಮ್ಮ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹಾಗಾಗಿ ಮೊದಲಿನ ಎರಡೂ ಹೆರಿಗೆ ಆ ಚಪ್ಪಡಿಯ ಮೇಲೆಯೇ, ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟುವ ಪುಷ್ಯಮಾಸದಲ್ಲೇ ಆದವು. ಮೊದಲನೆಯ ಕೂಸು ಒಂಬತ್ತು ದಿನ ಇತ್ತು, ಎರಡನೆಯದು ಇಪ್ಪತ್ತು ದಿನ.

ಎರಡು ಸಲವೂ ಹೆರಿಗೆ ಮಾಡಿಸಿದವಳು ಇಲ್ಲಿನ ಬೆಟ್ಟದ ಬಡಗ ಜನರ ಹಟ್ಟಿಯಿಂದ ನಮಗೆ ಹಾಲು ತರುತ್ತಿದ್ದ ಅಜ್ಜಿ. ಎರಡನೆಯದನ್ನು ಮಣ್ಣು ಮಾಡಿ ಬಂದ ದಿನ ಅವಳು ಚಪ್ಪಡಿಯ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ಕೂತಿದ್ದಳು.

"ಈ ಕಲ್ಲು ಕೂಸುಗ ಆಗದು ಅವ್ವಾ. ಇನ್ನೊಂದು ಹೆರುವ ಮುಂಚೆ ಹಲಗೆ ಹಾಕಿಸು" ಎಂದಳು.

ಕಲ್ಲೇ ಕೊಂದಿತೋ ಬೇರೇನೋ, ನನಗೆ ಗೊತ್ತಿಲ್ಲ. ಈಗಿನ ಡಾಕ್ಟರುಗಳು ಕೇಳಿದರೆ ನಕ್ಕಾರು. ಅವತ್ತು ನಾನು ನಂಬಿದೆ, ಪೂರ್ತಿ ನಂಬಿದೆ.

ಮಾರನೆಯ ವರ್ಷ ಪೇಟೆಯ ಹಿಂದೆ ನಮ್ಮದೇ ಮನೆ ಏಳತೊಡಗಿತು. ನಾನು ಆಗ ಐದು ತಿಂಗಳ ಬಸುರಿ. ನನ್ನ ಗಂಡ ಎಲ್ಲ ಕೋಣೆಗೂ ಕಲ್ಲೇ ಎಂದು ಗಾರೆಯವನಿಗೆ ಆಗಲೇ ಹೇಳಿಬಿಟ್ಟಿದ್ದರು. ಅವರಿಗೂ ಅವರದೇ ಭಯವಿತ್ತು. ಊರಲ್ಲಿ ಅವರ ಮನೆಯ ಅಟ್ಟದಿಂದ ಒಂದು ಇಲಿ ಬಿದ್ದು ಸತ್ತಿತ್ತು. ಎಂಟು ದಿನದೊಳಗೆ ಪ್ಲೇಗಿಗೆ ತಾಯಿಯೂ ಹೋದರು, ತಮ್ಮನೂ ಹೋದ. ಅಲ್ಲಿಂದಾಚೆಗೆ "ಇಲಿ ಬಿತ್ತು" ಎಂದು ಯಾರಾದರೂ ಅಂದರೆ ಸಾಕು, ಕೈಯಲ್ಲಿದ್ದ ತುತ್ತು ಕೆಳಗಿಡುತ್ತಿದ್ದರು. ಹೊಸ ಮನೆಗೆ ಅಟ್ಟವನ್ನೇ ಬೇಡವೆಂದರು. ಹಲಗೆ ನೆಲವಂತೂ ಕೇಳಲೇಬೇಡಿ. ಹಲಗೆ ಕೊಳೆಯಬಾರದೆಂದರೆ ಅದರಡಿ ಮೊಳದಷ್ಟು ಜಾಗ ಬಿಟ್ಟು ಗಾಳಿ ಆಡಿಸಬೇಕು.

"ಅಡೀಲಿ ಟೊಳ್ಳಿರೋ ನೆಲದ ಮ್ಯಾಲೆ ನಾ ಮಲಗಾಕಿಲ್ಲ ಕನೆ. ನಮ್ಮವ್ವ ಹೋದದ್ದು ಮರ್ತೋಯ್ತಾ ನಿಂಗೆ?"

"ನನ್ನವು ಎರಡು ಹೋದದ್ದು ನಿಮಗೆ ಮರ್ತೋಯ್ತಾ?" ಎಂದೆ.

ಅವರು ಅರ್ಧ ಊಟಕ್ಕೇ ಎದ್ದರು. ಗಂಡನಿಗೆ ಹಾಗೆ ಅನ್ನಬಾರದಿತ್ತು. ಅಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ.

ಸಗಣಿ ಸಾರಿಸಿದ ಮಣ್ಣಿನ ನೆಲ ಈ ಊರಲ್ಲಿ ಒಣಗುವುದೇ ಇಲ್ಲ, ಅದು ಲೆಕ್ಕಕ್ಕಿಲ್ಲ. ಉಳಿದವನ್ನು ನಾನೇ ಪರೀಕ್ಷೆ ಮಾಡಿದೆ. ಕಟ್ಟುತ್ತಿದ್ದ ಮನೆಯ ಅಂಗಳದಲ್ಲಿ ಒಂದು ಚಪ್ಪಡಿ, ಮಲಬಾರಿನಿಂದ ಬಂದ ನಾಲ್ಕು ಚೌಕ ನೆಲಹೆಂಚು, ಗೂಡಲೂರಿನ ತೇಗದ ಒಂದು ಹಲಗೆ ಸಾಲಾಗಿ ಇರಿಸಿ ಬೆಳಗಿನ ಚಳಿಯಲ್ಲಿ ಬರಿಗಾಲಲ್ಲಿ ನಿಂತೆ. ಕಲ್ಲಿನ ಮೇಲೆ ನೂರು ಎಣಿಸುವುದರೊಳಗೆ ಮೊಣಕಾಲಿನವರೆಗೆ ಮರಗಟ್ಟಿತು. ಹೆಂಚು ಅದಕ್ಕಿಂತ ಕೊಂಚ ವಾಸಿ. ಹಲಗೆಯ ಮೇಲೆ ನಿಂತಾಗ ಕಾಲು ಎಲ್ಲಿದೆಯೆಂದೇ ಮರೆತುಹೋಯಿತು. ಆಮೇಲೆ ಅವರನ್ನೂ ನಿಲ್ಲಿಸಿದೆ. ಕಲ್ಲಿನ ಮೇಲೆ ನಿಂತು, "ಏನೂ ಚಳಿ ಇಲ್ಲ" ಎಂದರು. ಕಾಲಿನ ಬೆರಳೆಲ್ಲ ಮುದುರಿಕೊಂಡಿದ್ದವು.

ಕೊನೆಗೆ ಅಡುಗೆಮನೆಗೆ, ಬಚ್ಚಲಿಗೆ, ದೇವರ ಕೋಣೆಗೆ ಕಲ್ಲು, ಪಡಸಾಲೆಗೆ ಹೆಂಚು, ಒಳಕೋಣೆ ಒಂದಕ್ಕೆ ಹಲಗೆ ಎಂದಾಯಿತು. ಗಾರೆಯವನು ಗೋಡೆಯ ಬುಡದಲ್ಲಿ ಬಿಟ್ಟ ಗಾಳಿಕಿಂಡಿಗಳಿಗೆ ನನ್ನ ಗಂಡ ತಾವೇ ಕೂತು ತಂತಿಬಲೆ ಬಿಗಿದರು. ಮೂಲೆಯ ಒಂದು ಹಲಗೆಗೆ ಮೊಳೆ ಹೊಡೆಯಬಾರದೆಂಬುದು ಅವರ ಕರಾರು. ದಿನಾ ಬೆಳಿಗ್ಗೆ ಅದನ್ನೆತ್ತಿ, ಬುಡ್ಡಿದೀಪ ಇಳಿಸಿ ನೋಡಿ, ಮುಚ್ಚಿ, ಕೈ ತೊಳೆದು, ಆಮೇಲೆ ಕಾಫಿ. ದೇವರ ಪೂಜೆಗೂ ಇಷ್ಟು ಶ್ರದ್ಧೆ ಇರಲಿಲ್ಲ ಎಂದು ನಾನು ಗೇಲಿ ಮಾಡುತ್ತಿದ್ದೆ.

ಈ ಮಗಳು ಹುಟ್ಟಿದ್ದು ಆ ಕೋಣೆಯಲ್ಲಿ. ಒಂಬತ್ತನೆಯ ದಿನ ದಾಟಿತು. ಇಪ್ಪತ್ತು ದಾಟುವುದು ಬಾಕಿಯಿತ್ತು. ಅಷ್ಟರಲ್ಲಿ ಪ್ಲೇಗು ಬೆಟ್ಟ ಹತ್ತಿ ಈ ಊರಿಗೂ ಬಂತು. ಮನೆಯಲ್ಲಿ ಸತ್ತ ಇಲಿ ಕಂಡರೆ ನಗರಸಭೆಗೆ ಹೇಳಬೇಕೆಂದು ತಮಟೆ ಹೊಡೆಸಿದರು. ಹೇಳಿದರೆ ನೆಲ ಕಿತ್ತು ಔಷಧಿ ಹೊಡೆಯುತ್ತಿದ್ದರು. ಮನೆಮಂದಿಯೆಲ್ಲ ಊರಾಚೆಯ ತಗಡಿನ ಶೆಡ್ಡಿನಲ್ಲಿ ಹತ್ತು ದಿನ ಇರಬೇಕಿತ್ತು. ಆ ಶೆಡ್ಡಿನ ನೆಲ ಬರಿಯ ಒದ್ದೆ ಮಣ್ಣು.

ಹನ್ನೆರಡನೆಯ ದಿನ ಬೆಳಿಗ್ಗೆ ನನ್ನ ಗಂಡ ಹಲಗೆ ಎತ್ತಿ ನೋಡಿದರು, ಮುಚ್ಚಿದರು, ಕಾಫಿ ಕುಡಿಯದೆ ಹೊರಟುಹೋದರು. ಅಂಗಡಿಗೆ ಸರಕು ಬರುವುದಿರಬೇಕು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ ಒಂದು ಥರ ಕೆಟ್ಟ ವಾಸನೆ. ಕೂಸನ್ನು ಪಡಸಾಲೆಯ ತೊಟ್ಟಿಲಿಗೆ ಹಾಕಿ ಬಂದು ಹಲಗೆ ಎತ್ತಿದೆ.

ದೊಡ್ಡ ಇಲಿ. ಅಂಗಾತ ಬಿದ್ದಿತ್ತು.

ಅತ್ತೆಯ ನೆನಪಾಗಲಿಲ್ಲ, ಮೈದುನನ ನೆನಪಾಗಲಿಲ್ಲ. ಶೆಡ್ಡಿನ ಒದ್ದೆ ಮಣ್ಣು ಕಣ್ಣಿಗೆ ಕಟ್ಟಿತು. ಇಕ್ಕಳ ತಂದು ಅದನ್ನು ಹಿಡಿದೆತ್ತಿ, ಬಚ್ಚಲ ಒಲೆಯ ಕೆಂಡಕ್ಕೆ ಹಾಕಿ, ಮೇಲೆ ಎರಡು ಕೊರಡು ಒಟ್ಟಿದೆ. ಇಕ್ಕಳವನ್ನು ಬೂದಿಯಲ್ಲಿ ಉಜ್ಜಿ ಹಿತ್ತಲಲ್ಲಿಟ್ಟೆ. ತಲೆಗೆ ನೀರು ಹಾಕಿಕೊಂಡೆ. ಹಲಗೆಯಡಿಗೆ ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಆಮೇಲೆ ಕೂಸಿಗೆ ಹಾಲು ಕೊಡಲು ಕೂತೆ.

ಸಂಜೆ ನನ್ನ ಗಂಡ ಎಂದಿಗಿಂತ ಮುಂಚೆ ಬಂದರು. ಹಿತ್ತಲಿಗೆ ಕಾಲು ತೊಳೆಯಲು ಹೋದವರು ಇಕ್ಕಳ ನೋಡಿ ನಿಂತರು. ಒಳಗೆ ಬಂದು ಬೇವಿನ ಹೊಗೆ ಮೂಸಿದರು. ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಜೇಬಿನಿಂದ ನಾಲ್ಕು ಮೊಳೆ ತೆಗೆದು, ಹಲಗೆಯನ್ನು ಎತ್ತಿಯೂ ನೋಡದೆ, ನಾಲ್ಕು ಮೂಲೆಗೂ ಹೊಡೆದುಬಿಟ್ಟರು. ಬೆಳಿಗ್ಗೆಯೇ ಅವರು ಅದನ್ನು ಕಂಡಿದ್ದರು ಎಂದು ನನಗೆ ಆಗ ಗೊತ್ತಾಯಿತು. ನಗರಸಭೆಯ ಗೇಟಿನವರೆಗೆ ಹೋಗಿ, ಸುಮಾರು ಹೊತ್ತು ನಿಂತಿದ್ದು, ತಿರುಗಿ ಬಂದರಂತೆ. ಅದನ್ನು ಕಂಡದ್ದು ಹಿತ್ತಲಾಚೆಯ ಮನೆಯ ದರ್ಜಿ, ಎಷ್ಟೋ ದಿನದ ಮೇಲೆ ನನಗೆ ಹೇಳಿದ್ದು ಅವನ ಹೆಂಡತಿ.

ಆ ದರ್ಜಿಗೆ ಮೂರು ಮಕ್ಕಳು. ನಾವು ಬಾಯಿ ಮುಚ್ಚಿಕೊಂಡದ್ದಕ್ಕೆ ಆ ಮಕ್ಕಳಿಗೇನಾದರೂ ಆದರೆ? ಬೆಳಿಗ್ಗೆ ಎದ್ದವಳೇ ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ಮೂರೂ ಅಂಗಳಕ್ಕೆ ಬರುವವರೆಗೆ ನನ್ನ ಜೀವ ಜೀವದಲ್ಲಿರುತ್ತಿರಲಿಲ್ಲ. ಒಂದು ದಿನ ಎರಡೇ ಬಂದವು. ನಾನು ಕಿಟಕಿಯ ಸರಳು ಹಿಡಿದು ಮತ್ತೆ ಮತ್ತೆ ಎಣಿಸಿದೆ. ಒಳಗಿನಿಂದ ಮೂರನೆಯದರ ಕಿರುಚಾಟ ಕೇಳಿಸಿತು. ಬೆಲ್ಲ ಕದ್ದು ತಿಂದದ್ದಕ್ಕೆ ತಾಯಿ ಬಾರಿಸುತ್ತಿದ್ದಳು. ಯಾರದೋ ಮಗು ಏಟು ತಿನ್ನುವುದನ್ನು ಕೇಳಿ ನಾನು ದೇವರಿಗೆ ಕೈ ಮುಗಿದೆ. ಎಂಥ ಹೆಂಗಸು ನಾನು ಎಂದು ಆಮೇಲೆ ನಾಚಿಕೆಯಾಯಿತು.

ಹಟ್ಟಿಯ ಅಜ್ಜಿ ದಿನಾ ಬಂದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಅಲ್ಲಿಯವರೆಗೆ ಆ ಕಡೆ ತಲೆಹಾಕದಿದ್ದ ನನ್ನ ಗಂಡ ಇಲಿ ಸಿಕ್ಕ ಮಾರನೆಯ ದಿನದಿಂದ ಬಚ್ಚಲ ಬಾಗಿಲಲ್ಲಿ ಬಂದು ನಿಲ್ಲತೊಡಗಿದರು. ಅಜ್ಜಿ ಕೂಸಿನ ತೋಳೆತ್ತಿದಾಗ ಕಂಕುಳು ನೋಡುತ್ತಿದ್ದರು, ಕಾಲೆತ್ತಿದಾಗ ತೊಡೆಸಂದು ನೋಡುತ್ತಿದ್ದರು. ಪ್ಲೇಗಿನ ಗಂಟು ಏಳುವುದು ಅಲ್ಲೇ. ನಾನೂ ಅದನ್ನೇ ನೋಡುತ್ತಿದ್ದೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಅಪ್ಪನಿಗ ಮಗಳ ಮೇಲೆ ಏನು ಆಸೆ!" ಎಂದು ಅಜ್ಜಿ ನಗುತ್ತಿದ್ದಳು.

ಇಪ್ಪತ್ತು ದಾಟಿತು, ಇಪ್ಪತ್ತೊಂದೂ ದಾಟಿತು. ಇಪ್ಪತ್ತೆರಡನೆಯ ದಿನ, ಇಲಿ ಸಿಕ್ಕ ಹತ್ತನೆಯ ದಿನ, ಅಜ್ಜಿ ಕೂಸನ್ನು ಒರೆಸಿ ಕಂಬಳಿ ಸುತ್ತಿ, "ಬದುಕು, ಬದುಕು" ಎಂದು ಹರಸಿ ನನ್ನ ಮಡಿಲಿಗಿಟ್ಟು ಹೋದಳು. ನನ್ನ ಗಂಡ ಕೋಣೆಯೊಳಗೆ ಬಂದು, ಮೊಳೆ ಹೊಡೆದ ಹಲಗೆಯ ಮೇಲೆ ಮೊದಲ ಸಲ ಬರಿಗಾಲಲ್ಲಿ ನಿಂತರು. ಅದರ ವಿಷಯವಾಗಿ ಅವರು ಜೀವಮಾನದಲ್ಲಿ ಆಡಿದ್ದು ಒಂದೇ ಮಾತು.

"ನೆಲ ಬೆಚ್ಚಗದಾ?" ಎಂದರು.

"ಹೂಂ, ಬೆಚ್ಚಗದೆ" ಎಂದೆ.

ಅವತ್ತು ಅವರು ಕೂತು ಕಾಫಿ ಕುಡಿದು ಅಂಗಡಿಗೆ ಹೋದರು.