ನಾಲ್ಕೂವರೆಗೆ ಇಟ್ಟ ಅಲಾರಂ

ಮೂರೂವರೆಗೆ ಇಡಬೇಕಾಗಿದ್ದ ಅಲಾರಮನ್ನು ನಾನು ನಾಲ್ಕೂವರೆಗೆ ಇಟ್ಟೆ. ಮರೆತಲ್ಲ, ಲೆಕ್ಕ ತಪ್ಪಿಯೂ ಅಲ್ಲ — ಬೇಕೆಂದೇ ಇಟ್ಟೆ.

ವಾಡಿಯ ಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ನಮ್ಮಲ್ಲಿ ಬಿಸಿಯೂಟ ಬೇಯಿಸುವ ಶರಣಮ್ಮನ ಮಗಳು ಭಾಗ್ಯಾಳಿಗೆ ಕಬಡ್ಡಿ ಕಲಿಸಿದವನು ನಾನೇ. ಸೇಡಂ, ಚಿಂಚೋಳಿ ಎಂದು ಪಂದ್ಯವಿದ್ದಲ್ಲೆಲ್ಲ ಕರೆದೊಯ್ದವನೂ ನಾನೇ. ಹುಡುಗಿ ದೇಶದ ತಂಡಕ್ಕೆ ಆಯ್ಕೆಯಾದಾಗ ಚಿತ್ತಾಪುರದಲ್ಲಿ ಸನ್ಮಾನ ಮಾಡಿದರು. ವೇದಿಕೆಯ ಮೇಲೆ ಶರಣಮ್ಮ ಎಲ್ಲರನ್ನೂ ನೆನೆದಳು — ಶಿಬಿರದ ತರಬೇತುದಾರರನ್ನು, ಊರ ಹಿರಿಯರನ್ನು — ನನ್ನೊಬ್ಬನನ್ನು ಬಿಟ್ಟು. ಎಂದೂ ಮೈಕು ಹಿಡಿಯದ ಹೆಂಗಸು, ಗಾಬರಿಯಲ್ಲಿ ಮರೆತಿದ್ದಳು, ಅಷ್ಟೇ. ನನ್ನ ಹೊಟ್ಟೆಗೆ ಮಾತ್ರ ಬೆಂಕಿ ಬಿದ್ದಿತ್ತು.

ಪಂದ್ಯ ಯುರೋಪಿನಲ್ಲಿ. ಅಲ್ಲಿಯ ಹೊತ್ತನ್ನು ನಮ್ಮ ಹೊತ್ತಿಗೆ ತಾಳೆ ಹಾಕಲು ಶರಣಮ್ಮನಿಗೆ ಬಾರದು. ಮೊಬೈಲನ್ನು ನನ್ನ ಕೈಗೆ ಕೊಟ್ಟಳು. "ಆಡಲಿಕ್ಕೆ ಇಳಿಯೋ ಮುಂದ ಭಾಗ್ಯಾ ಕ್ಯಾಮೆರಾ ಕಡಿ ನೋಡಿ ನನಗ ಕೈ ಮಾಡ್ತಾಳಂತ ರೀ ಸರ್. ಗಂಟಿ ಇಟ್ಟು ಕೊಡ್ರಿ."

ಇಟ್ಟುಕೊಟ್ಟೆ.

ಆ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಾನೊಬ್ಬನೇ ಪಂದ್ಯ ನೋಡಿದೆ. ಭಾಗ್ಯಾ ಅಂಕಣದ ಗೆರೆ ಮುಟ್ಟಿ ಹಣೆಗೊತ್ತಿಕೊಂಡಳು. ಕ್ಯಾಮೆರಾದತ್ತ ಕೈ ಬೀಸಿದಳು. 'ಅವ್ವಾ' ಎಂದದ್ದು ತುಟಿಯಿಂದಲೇ ತಿಳಿಯಿತು — ನೋಡುತ್ತಿದ್ದವನು ನಾನು. ಆಗಲೂ ಎದ್ದು ಓಡಬಹುದಿತ್ತು, ಆಕೆಯ ಮನೆ ಎರಡೇ ಓಣಿ ಆಚೆ... ಓಡಲಿಲ್ಲ.

ನಾಲ್ಕೂವರೆಗೆ ಅಲಾರಂ ಬಡಿದಾಗ ಓಣಿಯ ಹೆಂಗಸರೆಲ್ಲ ಚಾಪೆಯ ಮೇಲೆ ಕಾದು ಕೂತಿದ್ದರಂತೆ. ಪಂದ್ಯ ಮುಗಿದುಹೋಗಿತ್ತು. ಏದುಸಿರು ಬಿಡುತ್ತ ಬಂದ ಶರಣಮ್ಮನಿಗೆ ಹೇಳಿದೆ: "ಬ್ಯಾಸಗಿ ಬಂತಂತ ಅಲ್ಲಿ ಮಂದಿ ಗಡಿಯಾರ ಒಂದು ತಾಸು ಮುಂದಕ್ಕ ತಿರುವಿಬಿಟ್ಟಾರ್ರಿ. ನನಗೂ ಗೊತ್ತಾಗಲಿಲ್ಲ."

ಆಕೆ ನಂಬಿದಳು. "ನಿಮ್ದೇನ್ ತಪ್ಪದ, ಬಿಡ್ರಿ ಸರ್" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅಷ್ಟರಲ್ಲಿ ಮಗಳ ಫೋನು ಬಂತು. ನನ್ನೆದುರೇ ಕಣ್ಣೊರೆಸಿಕೊಂಡು, ದನಿ ಗಟ್ಟಿ ಮಾಡಿಕೊಂಡು ಹೇಳಿದಳು: "ನೋಡೀನವ್ವಾ... ಕಣ್ ತುಂಬ ನೋಡೀನಿ." ಆ ತಾಯಿಯ ಬಾಯಲ್ಲಿ ಆ ಸುಳ್ಳನ್ನು ಆಡಿಸಿದವನು ನಾನು.

ಮುಂದಿನ ಪಂದ್ಯಕ್ಕೆ ಮೊದಲೇ ಭಾಗ್ಯಾಳ ಮೊಣಕಾಲು ಹೋಯಿತು. ಮತ್ತೆ ಅವಳು ದೇಶದ ಪರವಾಗಿ ಆಡಲಿಲ್ಲ. ಆ ಪಂದ್ಯದ ವಿಡಿಯೋ ಕೂಡ ಎಲ್ಲೂ ಉಳಿದಿಲ್ಲ. ಹುಡುಕಿದ್ದೇನೆ, ಭಾಳ ಹುಡುಕಿದ್ದೇನೆ.

ಇದಾಗಿ ಆರು ವರ್ಷ. ನಮ್ಮ ಹುಡುಗಿಯರು ಎಲ್ಲಿ ಆಡಿದರೂ ಶರಣಮ್ಮ ಇಂದಿಗೂ ತಪ್ಪದೆ ನೋಡುತ್ತಾಳೆ. ನಿನ್ನೆ ಅಡುಗೆ ಕೋಣೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮೊಬೈಲು ಚಾಚಿದಳು.

"ಗಂಟಿ ಇಟ್ಟು ಕೊಡ್ರಿ ಸರ್. ಈ ಸಲಾನೂ ಅಲ್ಲಿ ಗಡಿಯಾರ ತಿರುವ್ಯಾರೇನು, ಜರಾ ನೋಡ್ರಿ."

ನೋಡಿದೆ. ಸರಿಯಾದ ಹೊತ್ತಿಗೇ ಇಟ್ಟುಕೊಟ್ಟೆ. ಪಂದ್ಯ ನಾಡಿದ್ದು. ಅಷ್ಟರೊಳಗೆ ಆಕೆಯ ಮನೆಗೆ ಹೋಗಿ ಹೇಳಬೇಕು. ಕ್ಷಮೆ ಸಿಗಲಿ ಎಂದಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಹೇಳಬೇಕಾದ ಮಾತು ಮಾತ್ರ ಇಷ್ಟೇ — "ಅಲ್ಲಿ ಯಾರೂ ಗಡಿಯಾರ ತಿರುವಿದ್ದಿಲ್ರಿ ಶರಣಮ್ಮಾ. ನಾನೇ ತಿರುವಿದ್ದೆ."