ಕರಿಯಕ್ಕನ ಹೆಸರಿರುವ ಚಿಪ್ಪು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವರು ಮೆಮೊರಿ ಕಾರ್ಡ್ ಕಂಡವರಲ್ಲ. ಕೊಳಾಲದ ಸಲೋಮಿ ಆಡಿದ ಮಾತು ಎಲ್ಲಿಗೂ ಹೋಗಲಿಲ್ಲ. ಇಪ್ಪತ್ತೆರಡು ಕಾರ್ಡುಗಳಲ್ಲಿ ಕೂತು, ತೀರಿಹೋದ ತಾಯಿಯನ್ನು ವಾಸಿಮಾಡಪ್ಪಾ ಎಂದು ಅದು ದಿನವೂ ದೇವರನ್ನು ಬೇಡುತ್ತಿತ್ತು.

ಸಲೋಮಿ ಟೈಲರ್. ಅವಳ ದನಿ ಚೆನ್ನಾಗಿದೆ ಎಂದು ಮೊದಲು ಕಂಡುಕೊಂಡವರು ಪ್ರಾರ್ಥನಾ ಮಂದಿರದ ಪಾಸ್ಟರ್ ಹಾಲೇಶ್. ಮಂದಿರದ ಮುದುಕರಲ್ಲಿ ಮುಕ್ಕಾಲು ಪಾಲು ಓದು ಬಾರದವರು. ಹಾಗಾಗಿ ಸಲೋಮಿ ಬೆಳಿಗ್ಗೆ ಬೈಬಲಿನ ಒಂದು ಅಧ್ಯಾಯ ಓದಿ, ಕಾಯಿಲೆಯವರ ಹೆಸರು ಹೇಳಿ ಪ್ರಾರ್ಥಿಸಿ, ವಾಟ್ಸಾಪ್ ಗುಂಪಿಗೆ ಹಾಕಬೇಕು. ನೆಟ್‌ವರ್ಕ್ ಸಿಗದ ಹಳ್ಳಿಗಳವರಿಗೆ ಕೊರಟಗೆರೆಯ ಮೊಬೈಲ್ ಅಂಗಡಿಯ ನಾಗಭೂಷಣ್ ಅದನ್ನೇ ಕಾರ್ಡಿಗೆ ತುಂಬಿಕೊಡುತ್ತಿದ್ದ. ಜನ ಆ ಕಾರ್ಡಿಗೆ ಚಿಪ್ಪು ಎನ್ನುತ್ತಿದ್ದರು. ಕೆಲಸ ಸುಲಭವಾಗಲೆಂದು ಅವನು ಯಾವುದೋ ಒಂದು ಬೆಳಗಿನ ಪ್ರಾರ್ಥನೆಯನ್ನು ಕತ್ತರಿಸಿ, ಎಲ್ಲ ಅಧ್ಯಾಯಗಳ ಬಾಲಕ್ಕೂ ಅದನ್ನೇ ಅಂಟಿಸಿಬಿಟ್ಟ. ಆ ಪ್ರಾರ್ಥನೆಯಲ್ಲಿದ್ದುದು ಒಂದೇ ಹೆಸರು, ಸಲೋಮಿಯ ತಾಯಿ ಕರಿಯಕ್ಕನದು.

ಕರಿಯಕ್ಕ ಏಳಲಿಲ್ಲ. ಎರಡು ತಿಂಗಳು ಮಲಗಿದ್ದಳು, ಹೋದಳು.

ಮಂದಿರದಲ್ಲಿ ಒಂದು ಕಟ್ಟುಪಾಡಿತ್ತು. ಒಮ್ಮೆ ಪ್ರಾರ್ಥನೆಗೆ ಹೆಸರು ಕೊಟ್ಟರೆ, ವಾಸಿಯಾದವರು ಬಂದು ಎಲ್ಲರೆದುರು ನಿಂತು ಸಾಕ್ಷಿ ಹೇಳುವ ತನಕ ಅದನ್ನು ತೆಗೆಯುವ ಹಾಗಿಲ್ಲ. ಸತ್ತರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಕಾರ್ಡುಗಳನ್ನು ವಾಪಸ್ ತರಿಸಿ ಎಂದು ಸಲೋಮಿ ಕೇಳಿದಾಗ ಪಾಸ್ಟರು ತಲೆ ಕೆರೆದುಕೊಂಡರು. "ನಂಬ್ಕೊಂಡ್ ಕೇಳೋರು ಎದೆ ಒಡ್ಕೊತಾರಮ್ಮ. ಸ್ವಲ್ಪ ದಿನ ತಡಿ" ಅಂದರು. ಕೆಟ್ಟವರಲ್ಲ ಪಾಪ, ಹೆದರಿದವರು.

ಅಲ್ಲಿಂದ ಶುರುವಾಯಿತು ಅವಳ ಸೆರೆವಾಸ. ಮುಖ ಗೊತ್ತಿಲ್ಲದವರಿಗೂ ಅವಳ ದನಿ ಗೊತ್ತು. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಯಾವುದೆಂದು ಕೇಳಿದರೆ ಸಾಕು, ಯಾರಾದರೊಬ್ಬರು ತಿರುಗಿ, "ಚಿಪ್ಪಿನಾಕೆ ನೀನೇ ಅಲ್ವೇನಮ್ಮ? ನಿಮ್ಮವ್ವ ಎದ್ಲಾ?" ಅನ್ನುವರು. ಸತ್ತಳೆಂದು ಹೇಳಿದರೆ ಅವರ ಮುಖ ಬಾಡುತ್ತದೆ, ಹೇಳದಿದ್ದರೆ ತನ್ನ ಹೊಟ್ಟೆ ಉರಿಯುತ್ತದೆ. ಅವಳು ಸಂತೆಯಲ್ಲಿ ಬೆರಳು ತೋರಿಸಿ ತರಕಾರಿ ಕೊಳ್ಳುವುದನ್ನು ಕಲಿತಳು. ಬೆಳಿಗ್ಗೆ ಓದುವುದನ್ನು ಮಾತ್ರ ಬಿಡುವಂತಿರಲಿಲ್ಲ. ಬಿಟ್ಟರೆ ಗುಂಪಿನ ಪರವೂರಿನವರೆಲ್ಲ, ಅವ್ವನಿಗೆ ಏನಾಯಿತೆಂದು ಕೇಳುತ್ತಾರೆ.

ಕೊನೆಗೆ ಅವಳೇ ಹೊರಟಳು. ನಾಗಭೂಷಣನ ಎದುರು ಕೂತು ಅವನ ಕಂಪ್ಯೂಟರಿನಿಂದ ಆ ಪ್ರಾರ್ಥನೆಯನ್ನು ಅಳಿಸಿಸಿದಳು. ತನ್ನ ಫೋನಿನಿಂದಲೂ ಅಳಿಸಿದಳು. ಗುಂಪಿನ ಸಂದೇಶಗಳು ತೊಂಬತ್ತು ದಿನಕ್ಕೆ ತಾವೇ ಅಳಿಸಿಹೋಗುವಂತೆ ಪಾಸ್ಟರು ಮೊದಲೇ ಇಟ್ಟಿದ್ದರು. ಆಮೇಲೆ ಹೊಸ ಕಾರ್ಡ್ ಮಾಡಿಸಿಕೊಂಡು ಊರೂರು ಅಲೆದಳು. ಹೊಸದರಲ್ಲಿ ದನಿ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಹಳೆಯದನ್ನು ಈಸಿಕೊಂಡು, ಮನೆಗೆ ತಂದು ಇಕ್ಕಳದಲ್ಲಿ ಮುರಿದಳು. ಒಂದನ್ನೂ ಹಾಕಿ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಅವ್ವ ಹೋಗಿ ಹನ್ನೊಂದು ತಿಂಗಳಾಗುವಷ್ಟರಲ್ಲಿ ಇಪ್ಪತ್ತೊಂದು ಮುರಿದವು. ಉಳಿದದ್ದು ಬರಗೂರಿನ ಮುದುಕ, ಕುರಿಗಾಹಿ ಬೋರಪ್ಪನ ಹತ್ತಿರ.

ಬೋರಪ್ಪ ಮಂದಿರದವನಲ್ಲ. ಕ್ರೈಸ್ತರಾದ ನೆಂಟರ ಮನೆಯಲ್ಲಿ ಕೇಳಿ, ಇಷ್ಟವಾಗಿ ಈಸಿಕೊಂಡವನು. ಶಿರಾದಲ್ಲಿ ಬಸ್ಸು ಬದಲಿಸಿ ಸಲೋಮಿ ಹೋದಾಗ ಮಧ್ಯಾಹ್ನವಾಗಿತ್ತು. ಅವನು ಬೇವಿನ ಮರದಡಿ ಕಂಬಳಿ ಹಾಸಿಕೊಂಡಿದ್ದ. ಅವಳು ಬಾಯಿ ತೆರೆದದ್ದೇ ತಡ, ಎದ್ದು ನಿಂತ.

"ನೀನೇ ಅಲ್ವೇನಮ್ಮ! ಬಾ ಕೂತ್ಕೋ. ನಾನು ನಿಮ್ ಮಂದಿರಕ್ಕೇನ್ ಬರಾಕಿಲ್ಲ. ಆದ್ರೆ ಆ ದಾವೀದ ಅಂಬೋನು ಕುರಿ ಕಾದು ರಾಜ ಆದ ನೋಡು, ಆ ಕತೆ ದಿನಾ ಕೇಳ್ಬೇಕು ನಂಗೆ."

"ಅದೇ ಕತೆ ಇದ್ರಲ್ಲೂ ಐತೆ ಕಣಣ್ಣ, ದನಿ ಇನ್ನೂ ಚೆನ್ನಾಗೈತೆ," ಎಂದು ಸಲೋಮಿ ಹೊಸ ಕಾರ್ಡ್ ಚಾಚಿದಳು. "ಆ ಹಳೇದು ಕೊಟ್ಬುಡು."

"ಕೊಡಾನ ಬುಡು. ಈಗ ಉಣ್ಣೋ ಹೊತ್ತು, ಒಂದ್ಸಲ ಹಾಕ್ಬುಡ್ತೀನಿ."

ಬೇಡ ಅನ್ನುವಷ್ಟರಲ್ಲಿ ಅವನು ಕೀಪ್ಯಾಡ್ ಫೋನಿನ ಗುಂಡಿ ಒತ್ತಿಯಾಗಿತ್ತು. ಕತೆ ಮುಗಿಯಿತು. ಆಮೇಲೆ ಅವಳದೇ ದನಿ, ಈಗ ಅವಳಿಗೆ ಕೇಳಲಾಗದ ಆ ಆಸೆ ತುಂಬಿದ ದನಿ, "ನಮ್ಮವ್ವ ಕರಿಯಕ್ಕನ್ನ ಎಬ್ಬಿಸಪ್ಪಾ ತಂದೆ" ಎಂದು ಬೇಡಿತು. ಸಲೋಮಿ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೇನು ಮುಗಿಯಿತು ಅನ್ನುವಾಗ ಕೆಮ್ಮೊಂದು ಕೇಳಿತು. ಅದರ ಹಿಂದೆ ಸಣ್ಣಗೆ ಇನ್ನೊಂದು ದನಿ:

"ಆಮೆನ್. ಉಂಡ್ಯಾ ಮಗಾ?"

ಸಲೋಮಿ ಆವತ್ತು ಅವ್ವನ ಮಂಚದ ಪಕ್ಕದಲ್ಲೇ ಕೂತು ಓದಿದ್ದಳು. ರೆಕಾರ್ಡಿನ ಗುಂಡಿಯಿಂದ ಬೆರಳು ತೆಗೆಯುವುದು ತಡವಾಗಿತ್ತು. ಕತ್ತರಿಸಿದ ನಾಗಭೂಷಣನೂ ಕೊನೆತನಕ ಕೇಳಿರಲಿಲ್ಲ. ಇಪ್ಪತ್ತೊಂದು ಸಲ ಇಕ್ಕಳ ಹಿಡಿದು ತಾನು ಮುರಿದದ್ದು ಏನನ್ನು ಎಂದು ಸಲೋಮಿಗೆ ಆಗ ತಿಳಿಯಿತು.

"ಉಣ್ತೀನಿ ಕಣವ್ವ," ಎಂದ ಬೋರಪ್ಪ, ಫೋನಿಗೆ. ಬುತ್ತಿ ಬಿಚ್ಚಿದ. "ದಿನಾ ಕೇಳ್ತಾಳೆ ಕಣಮ್ಮ. ಅವ್ಳು ಕೇಳಿದ್ ಮೇಲೇ ನಾನು ಬುತ್ತಿ ಬಿಚ್ಚೋದು. ನನ್ನ ಕೇಳೋರು ಇನ್ಯಾರವ್ರೆ? ಈಗ ಹೆಂಗವ್ಳೆ?"

"ತೀರ್ಕೊಂಡು ಹನ್ನೊಂದು ತಿಂಗಳಾತು, ಅಣ್ಣ."

ಅವನು ಮುರಿದ ಮುದ್ದೆಯನ್ನು ಮತ್ತೆ ಬುತ್ತಿಗೆ ಇಟ್ಟ. ಫೋನಿನ ಹಿಂದಿನ ಮುಚ್ಚಳ ತೆಗೆದು, ಕಾರ್ಡ್ ಕಿತ್ತು, ಅವಳ ಅಂಗೈಗೆ ಇಟ್ಟ. "ತಗಳಮ್ಮ. ನಿಮ್ಮವ್ವ. ನಿಂದೇ," ಎಂದ. ಆಮೇಲೆ ಬುತ್ತಿಯನ್ನು ಉಣ್ಣದೆ ಹಾಗೇ ಕಟ್ಟತೊಡಗಿದ.

ಸಲೋಮಿಯ ಮುಷ್ಟಿ ಬಿಗಿಯಾಯಿತು. ಇಟ್ಟುಕೊಂಡರೆ ಈ ಮುದುಕ ಬುತ್ತಿ ಬಿಚ್ಚುವುದಿಲ್ಲ. ಕೊಟ್ಟರೆ ಅವ್ವ ಈ ಮರದಡಿ ಎಂದೆಂದಿಗೂ ಕಾಯಿಲೆಯವಳಾಗಿಯೇ ಮಲಗಿರುತ್ತಾಳೆ, ತಾನೂ ಎಂದೆಂದಿಗೂ ಬೇಡುತ್ತಲೇ ಇರಬೇಕು. ಅವಳು ಅತ್ತಳು, ಅವನೆದುರೇ, ನಾಚಿಕೆಯಿಲ್ಲದೆ. ನಾಗಭೂಷಣನ ಅಂಗಡಿಯಲ್ಲಿ ಇನ್ನೊಂದು ಪ್ರತಿ ಮಾಡಿಸಬಹುದೆಂದು ಹೊಳೆಯಿತು. ಬೆನ್ನಿಗೇ, ಇದನ್ನು ಮನೆಗೆ ಒಯ್ದರೆ ತಾನು ಇನ್ನೇನನ್ನೂ ಕೇಳುವುದಿಲ್ಲ, ಮನೆ ಬಿಟ್ಟು ಏಳುವುದೂ ಇಲ್ಲ ಎಂಬ ಹೆದರಿಕೆಯೂ ಹುಟ್ಟಿತು. ಕಾರ್ಡನ್ನು ತಾನೇ ಅವನ ಫೋನಿಗೆ ಹಾಕಿ, ಮುಚ್ಚಳ ಒತ್ತಿ, ಪ್ರಾರ್ಥನೆಯನ್ನು ಇನ್ನೊಂದು ಸಲ ಹಚ್ಚಿದಳು. ಉಂಡ್ಯಾ ಎಂದು ಅವ್ವ ಕೇಳಿದಳು. ಬೋರಪ್ಪ ಬುತ್ತಿ ಬಿಚ್ಚಿದ, ಅರ್ಧ ಮುದ್ದೆ ಅವಳಿಗೂ ಕೊಟ್ಟ.

ಶಿರಾ ಬಸ್ಸಿನಲ್ಲಿ ಟಿಕೆಟ್ ಕೇಳಿದಾಗ ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿದಳು. "ಚಿಪ್ಪಿನಾಕೆ ಅಲ್ವಾ ನೀನು? ನಿಮ್ಮವ್ವ ಎದ್ಲೇನಮ್ಮ?"

"ಇನ್ನೂ ಎದ್ದಿಲ್ಲ ಕಣಕ್ಕ," ಅಂದಳು ಸಲೋಮಿ. "ಮಾತಾಡ್ತಾಳೆ."